ಬೇಡ ಅನ್ನುವ ಕೆಲಸ

ಹೋದ ಬೇಸಿಗೆಯಲ್ಲಿ ನಾನು, ಹೆಂಡತಿ, ಮಗಳು ಐದು ದಿನ ಕೊಡಿಗೇನಹಳ್ಳಿ ಹತ್ತಿರ ಬಾಮೈದನ ತೋಟದಲ್ಲಿ ಡೇರೆ ಹಾಕಿಕೊಂಡಿದ್ದೆವು. ಮಗಳು ಫೋನಿನಲ್ಲಿ ಯಾವುದೋ ರೆಸಾರ್ಟಿನ ಡೇರೆ ನೋಡಿ ಹಟ ಹಿಡಿದಿದ್ದಳು. ಹೆಂಡತಿ ತನ್ನ ತಮ್ಮನಿಗೆ ಫೋನು ಮಾಡಿದರೆ ಅವನು, "ಅಲ್ಲ ಕಣಕ್ಕಾ, ಮನೆ ಐತೆ, ಫ್ಯಾನ್ ಐತೆ. ನೆಂಟ್ರನ್ನ ಹೊಲ್ದಾಗೆ ಮಲಗಿಸ್ದ ಅಂತ ಊರ್ನೋರು ನನ್ ಮಕಕ್ಕೆ ಉಗೀತಾರೆ" ಎಂದು ನಕ್ಕನಂತೆ. ಆದರೂ ನಾವು ಹೋಗುವ ಹೊತ್ತಿಗೆ ಹುಣಸೆಮರದಡಿ ನೆಲ ಗುಡಿಸಿ, ನೀರು ಚಿಮುಕಿಸಿಟ್ಟಿದ್ದ.

ಅದಕ್ಕೆ ಎರಡು ತಿಂಗಳ ಮುಂಚೆ ನಾನು ಮಾತ್ರೆ ಶುರು ಮಾಡಿದ್ದೆ. ಕಾಯಿಲೆ ಅಂದರೆ ಚಿಂತೆ. ಶಿರಾದ ನಮ್ಮ ಮನೆಯಿಂದ ಕಚೇರಿಗೆ ಹೊರಟವನು ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ವಾಪಸು ಬಂದು ನೋಡಿ, ಮತ್ತೆ ಅರ್ಧ ದಾರಿಯಲ್ಲಿ ಬೀಗ ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ವಾಪಸು ಬರುವ ಆಸಾಮಿ ನಾನು. ಹಿಂದಿನ ವರ್ಷ ಇದೇ ತೋಟಕ್ಕೆ ಒಂದು ಮಧ್ಯಾಹ್ನದ ಮಟ್ಟಿಗೆ ಬಂದಾಗ, ದಾರಿಯಲ್ಲಿ ಆಸ್ಪತ್ರೆಯೊಂದಕ್ಕೆ ಹೊಕ್ಕು ಹಾವು ಕಡಿದರೆ ಕೊಡುವ ಇಂಜೆಕ್ಷನ್ ಇದೆಯಾ ಎಂದು ವಿಚಾರಿಸಿದ್ದೆ. "ಯಾರಿಗೆ ಕಡಿದಿದೆ?" ಎಂದು ನರ್ಸು ಗಾಬರಿಯಿಂದ ಎದ್ದು ನಿಂತರು. "ಇನ್ನೂ ಯಾರಿಗೂ ಇಲ್ಲ" ಎಂದೆ.

ನಿದ್ದೆಯೇ ಕೈಕೊಟ್ಟಾಗ ಡಾಕ್ಟರ ಹತ್ತಿರ ಹೋದೆ. ಮಾತ್ರೆಗೆ ನಿದ್ದೆ ಬಂತು, ಚಿಂತೆ ಹೋಯಿತು. ಹೋಗುವಾಗ ಅದು ಒಂದೇ ಹೋಗಲಿಲ್ಲ, ಏನೇನನ್ನೋ ಜೊತೆಗೆ ಕರೆದುಕೊಂಡು ಹೋಯಿತು. ಮಾವಿನಹಣ್ಣು ಸಿಹಿ ಎಂದು ನಾಲಿಗೆಗೆ ಗೊತ್ತಾಗುತ್ತಿತ್ತು, ನನಗೆ ಗೊತ್ತಾಗುತ್ತಿರಲಿಲ್ಲ. ಸಂಜೆ ಬಾಮೈದ ಒಣ ಸೊಪ್ಪಿಗೆ ಬೆಂಕಿ ಹಾಕಿ ಅದರಲ್ಲಿ ಹಸಿ ಕಡ್ಲೆಕಾಯಿ ಸುಡುತ್ತಿದ್ದ. ಮೂವರೂ ಮೂತಿಯೆಲ್ಲ ಮಸಿ ಮಾಡಿಕೊಂಡು ತಿನ್ನುತ್ತಿದ್ದರು. ನಾನೂ ತಿಂದೆ. ಬೆಳಿಗ್ಗೆ ನವಿಲು ಡೇರೆಯ ಪಕ್ಕಕ್ಕೇ ಬಂತು, ನೋಡಿದೆ. ಬೇರೆಯವರ ಮದುವೆ ವಿಡಿಯೊ ನೋಡಿದ ಹಾಗೆ.

ಮಗಳಿಗೆ ಬೇಕಾಗಿದ್ದದ್ದು ಬಾವಿ. ಮಳೆ ಚೆನ್ನಾಗಿ ಆಗಿದ್ದರಿಂದ ತೋಟದ ಹಳೇ ಮೆಟ್ಟಿಲು ಬಾವಿಯಲ್ಲಿ ಬೇಸಿಗೆಯಲ್ಲೂ ನೀರಿತ್ತು. ಈಜು ಕಲಿಸುವುದಕ್ಕೆ ಆ ಕಡೆ ಈಗಲೂ ಬೆಂಡೇ. ಕತ್ತಾಳೆಯ ಒಣಗಿದ ಕಂಬವನ್ನು ಮೊಳದುದ್ದ ತುಂಡು ಮಾಡಿ ಬೆನ್ನಿಗೆ ಕಟ್ಟುತ್ತಾರೆ. ಮೊದಲ ದಿನ ನಾಲ್ಕು ತುಂಡು, ಆಮೇಲೆ ದಿನಕ್ಕೊಂದು ಕಮ್ಮಿ. ಐದನೆಯ ದಿನ ಬರೀ ಬೆನ್ನು.

ಮೊದಲ ದಿನ ಬೆಂಡಿನ ಹಗ್ಗ ಬಿಗಿಯುತ್ತ ಬಾಮೈದ ನನ್ನ ಕಡೆ ಓರೆಗಣ್ಣಲ್ಲಿ ನೋಡಿದ. "ಏನ್ ಭಾವ, ಇನ್ನೆರಡು ಬೆಂಡು ಜಾಸ್ತಿ ಕಟ್ಟು ಅನ್ನಾಕಿಲ್ವಾ?"

"ನಾಲ್ಕು ಸಾಕಲ್ಲ" ಎಂದೆ.

ಅವನು ಅಕ್ಕನ ಮುಖ ನೋಡಿದ. ಮಾತ್ರೆಯ ವಿಷಯ ಅವಳಿಗೆ ಗೊತ್ತಿತ್ತು, ಮಗಳಿಗೆ ಹೇಳಿರಲಿಲ್ಲ. ಹೆಂಡತಿ ತಲೆ ತಗ್ಗಿಸಿ ಕಡ್ಲೆಕಾಯಿ ಬಿಡಿಸತೊಡಗಿದಳು.

ಮಗಳು ದಿನಕ್ಕೊಂದು ಮೆಟ್ಟಿಲು ಮೇಲಿನಿಂದ ಹಾರತೊಡಗಿದಳು. ಹಾರುವ ಮುಂಚೆ ನನ್ನ ಕಡೆ ನೋಡುತ್ತಿದ್ದಳು. ನಾಲ್ಕನೆಯ ದಿನ ಮೇಲೆ ಬಂದವಳೇ, "ಅಪ್ಪ, ನೀನು ನೋಡ್ಲೇ ಇಲ್ಲ" ಎಂದಳು.

"ನೋಡಿದೆ."

"ನೋಡಿದ್ರೆ ಬೈತಿದ್ದೆ."

ಐದನೆಯ ದಿನ ಬೆಂಡಿಲ್ಲದೆ ಮೆಟ್ಟಿಲ ಮೇಲೆ ನಿಂತಳು. ಹಗ್ಗದ ಗುರುತು ಬೆನ್ನಿನ ಮೇಲೆ ಕೆಂಪಗೆ ಇತ್ತು. ಬಾಮೈದ ನೀರಿನೊಳಗೆ ಕೈಯಾಡಿಸುತ್ತ, "ಹಾರೇ ಕೂಸೇ, ನಾನಿಲ್ಲೇ ಇವ್ನಿ" ಎಂದ. ಅವಳು ಕತ್ತೆತ್ತಿ ನನ್ನನ್ನು ನೋಡಿದಳು. ಹೆಂಡತಿ ಕಾಯಿ ಬಿಡಿಸುವುದು ನಿಲ್ಲಿಸಿದಳು. ಬಾಮೈದನೂ ಕಾಯುತ್ತಿದ್ದ. ಮೂವರೂ ನನ್ನ ಬಾಯಿಂದ ಒಂದು ಮಾತಿಗೆ ಕಾಯುತ್ತಿದ್ದಾರೆ ಎಂಬುದು ನನಗೆ ಹೊಳೆಯಲೇ ಇಲ್ಲ.

"ಹಾರು" ಎಂದೆ.

ಅವಳು ಹಾರಲಿಲ್ಲ. ಮುಖ ಸಣ್ಣದಾಯಿತು. ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದು ನನ್ನೆದುರು ನಿಂತಳು.

"ಏನಾಗಿದೆ ಅಪ್ಪ ನಿಂಗೆ? ಹೋದ ವರ್ಷ ಈ ಬಾವಿ ಹತ್ರ ನನ್ನ ಕೈನೇ ಬಿಟ್ಟಿರ್ಲಿಲ್ಲ. ಈಗ ನಾನು ಮುಳುಗಿದ್ರೂ ಪರವಾಗಿಲ್ವಾ?"

"ಲೇ, ಬಿಡ್ತು ಅನ್ನು, ಏನ್ ಮಾತದು" ಎಂದು ಹೆಂಡತಿ ಗದರಿದಳು.

ಆ ಪ್ರಶ್ನೆ ನನ್ನನ್ನು ಇರಿಯಬೇಕಾಗಿತ್ತು. ಇರಿಯಿತೇ ಎಂದು ಒಳಗೆ ತಡಕಾಡಿದೆ. ಹಲ್ಲು ಕೀಳಿಸಿಕೊಂಡ ದಿನ ಮರಗಟ್ಟಿದ ದವಡೆ ಮುಟ್ಟಿ ನೋಡಿಕೊಂಡಂತಿತ್ತು. ಆದರೆ ಅವಳು ಕೇಳಿದ್ದು ಸರಿಯಾದ ಪ್ರಶ್ನೆ ಎಂಬುದಂತೂ ತಿಳಿಯಿತು. ಹಾಗಾಗಿ ಇದ್ದದ್ದನ್ನು ಇದ್ದಂತೆ ಹೇಳಿದೆ.

"ನಿದ್ದೆ ಬರ್ತಿರ್ಲಿಲ್ಲ ಅಂತ ಮಾತ್ರೆ ತಗೋತಿದೀನಿ ಮಗಳೇ. ಅದಕ್ಕೆ ಭಯ ಆಗ್ತಿಲ್ಲ. ಬೇರೆ ಏನೂ ಸರಿಯಾಗಿ ಆಗ್ತಿಲ್ಲ."

ಅವಳು ಮೂಗು ಒರೆಸಿಕೊಂಡಳು.

"ಭಯ ಆಗ್ದಿದ್ರೂ ಹೇಳೋಕಾಗುತ್ತಲ್ಲ?"

"ಏನಂತ?"

"ಬೇಡ ಅಂತ."

ನಾನು ಚಪ್ಪಲಿ ಬಿಟ್ಟು ಮೆಟ್ಟಿಲು ಇಳಿದೆ. ಅವಳು ಹಿಂದೆಯೇ ಬಂದು ತನ್ನ ಮೆಟ್ಟಿಲ ಮೇಲೆ ನಿಂತಳು. ಈಜು ಬಾರದ ನಾನು ಯಾವ ಬಾವಿಯಲ್ಲೂ ಮೂರನೆಯ ಮೆಟ್ಟಿಲು ದಾಟಿದವನಲ್ಲ. ನೀರು ಪಾದ ಮುಟ್ಟುವವರೆಗೂ ಹೋಗಿ ನಿಂತು ಶುರು ಮಾಡಿದೆ. "ಬೇಡ. ಪಾಚಿ ಕಟ್ಟಿದೆ, ಜಾರುತ್ತೆ. ಈಗ ತಾನೆ ತಿಂಡಿ ತಿಂದಿದೀಯ, ಹೊಟ್ಟೆ ಹಿಡ್ಕೊಳುತ್ತೆ. ಕಿವಿಗೆ ನೀರು ಹೋದ್ರೆ ಸ್ಕೂಲು ಶುರುವಾಗೋವರೆಗೂ ಸೋರುತ್ತೆ. ಆ ಪೊಟರೇಲಿ ನೀರುಹಾವು ಇರುತ್ತೆ. ನಿಮ್ಮಾವನ್ನ ನಂಬಬೇಡ, ಹರಟೆಗೆ ಬಿದ್ರೆ ಅವನಿಗೆ ಮೈಮೇಲೆ ಜ್ಞಾನ ಇರಲ್ಲ."

"ನನ್ನ ಯಾಕ್ ಎಳೀತೀಯ ಭಾವ ಇದ್ರಾಗೆ!" ಎಂದ ಬಾಮೈದ, ಬಾಯಿಗೆ ಬಂದ ನೀರು ಉಗಿಯುತ್ತ.

ನನ್ನ ದನಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಪಾವಗಡದ ಬಸ್ಸು ಕೂಗಿದ ಹಾಗಿತ್ತು, ಏರಿಲ್ಲ, ಇಳಿವಿಲ್ಲ. ಅದೇನೂ ಮಗಳಿಗೆ ಅಡ್ಡಿಯಾಗಲಿಲ್ಲ. "ಅಯ್ಯೋ ಸಾಕಪ್ಪಾ, ಏನೂ ಆಗಲ್ಲ!" ಎಂದು ಹಳೇ ಸಿಡಿಮಿಡಿಯಲ್ಲೇ ಕೂಗಿ, ಮೂಗು ಹಿಡಿದುಕೊಂಡು ಹಾರಿದಳು.

ಮುಳುಗಿದಳು. ಎದ್ದಳು. ಕೆಮ್ಮುತ್ತ, ಕೈಕಾಲು ಬಡಿಯುತ್ತ ಎದುರಿನ ಗೋಡೆಯ ಕಡೆ ಹೊರಟಳು. ಬಾಮೈದ ಒಂದು ತೋಳಿನಷ್ಟು ದೂರದಲ್ಲಿ ಜೊತೆಗೇ ಹೋದ. ನಾನು ಹೇಳುತ್ತಲೇ ಇದ್ದೆ, "ಬಾಯಿ ಮುಚ್ಚು, ಕಾಲು ಬಡಿ, ಕಲ್ಲು ಹಿಡ್ಕೊ." ಮಧ್ಯೆ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡೆ. ಕಚೇರಿಯಲ್ಲಿ ಕೂತಾಗ ಹೊಡೆದುಕೊಳ್ಳುವಷ್ಟೇ ಹೊಡೆದುಕೊಳ್ಳುತ್ತಿತ್ತು.

ಕಲ್ಲು ಹಿಡಿದವಳು ತಿರುಗಿ, "ಇನ್ನೊಂದ್ಸಲ. ಹೇಳು" ಎಂದು ಅಪ್ಪಣೆ ಮಾಡಿದಳು.

ಹೇಳಿದೆ. ಅವಳು ಬಂದಳು, ಹತ್ತಿದಳು, ಹಾರಿದಳು. "ಸೋಮವಾರ ಡಾಕ್ಟ್ರಿಗೆ ಇದನ್ನೆಲ್ಲ ಹೇಳ್ಬೇಕು ಕಣ್ರೀ, ಒಂದೂ ಬಿಡದ ಹಾಗೆ" ಎಂದು ಮೇಲಿನಿಂದ ಹೆಂಡತಿ ಹೇಳಿದಳು. ಹೂಂ ಎಂದೆ. ಆರೇಳು ಸಲವಾಗುವ ಹೊತ್ತಿಗೆ ನನ್ನಲ್ಲಿದ್ದ ಅಪಾಯಗಳೆಲ್ಲ ಮುಗಿದವು. ಹೇಳಿದ್ದನ್ನೇ ಹೇಳಿದರೆ ಅವಳು, "ಅದಾಯ್ತು, ಬೇರೆ" ಎನ್ನುತ್ತಿದ್ದಳು. ಬೇರೆಯದಕ್ಕಾಗಿ ನಾನು ಪಾಚಿ, ಪೊಟರೆ, ಮೆಟ್ಟಿಲು ಎಲ್ಲ ಬಿಟ್ಟು ಅವಳನ್ನೇ ನೋಡಬೇಕಾಯಿತು.

"ತುಟಿ ನೀಲಿಯಾಗಿದೆ" ಎಂದೆ. "ಮೇಲೆ ಬಾ."