ಕೂಲಿಗೆ ಬಂದವಳು ಎಂದೆ

ಗಿರಿಜಕ್ಕ, ಈ ಮನೆಗೆ ಹೆಣ್ಣುಮಕ್ಕಳೇ ಇಲ್ಲ ಎಂದು ಹೇಳಿದವಳು ನಾನು. ನಿಮ್ಮ ತಮ್ಮನಲ್ಲ — ನಾನು, ಅವರ ಹೆಂಡತಿ. ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ಭಯಕ್ಕೆ ಬಾಯಿ ಬಿಡುತ್ತಿದ್ದೇನೆ.

ಮಾವ ತೀರಿಕೊಂಡ ಮೇಲೆ ತಾಳಗುಂದದ ಮೂರೆಕರೆಯ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕಿತ್ತು. ವಂಶವೃಕ್ಷ ಬರೆಯಲು ಗ್ರಾಮ ಲೆಕ್ಕಿಗರು ನಮ್ಮ ಜಗಲಿಗೇ ಬಂದರು, ಹೊಸಬರು. ಸಾಕ್ಷಿಗೆ ಊರಿನ ಇಬ್ಬರು ಹಿರಿಯರು. "ಹೆಣ್ಮಕ್ಳು ಎಷ್ಟ್ ಜನ?" ಎಂದರು. ನಿಮ್ಮ ತಮ್ಮ ತಲೆ ತಗ್ಗಿಸಿದರು. ಗಂಡ ಸತ್ತು ತವರಿಗೆ ಬಂದ ನಿಮಗೆ ಪಾಲು ಹೋದರೆ ನನ್ನ ಮಕ್ಕಳಿಗೆ ಏನುಳಿಯುತ್ತದೆ — ನನ್ನ ತಲೆಯಲ್ಲಿ ಅದೊಂದೇ. "ಯಾರೂ ಇಲ್ರೀ" ಎಂದುಬಿಟ್ಟೆ.

ಅಷ್ಟರಲ್ಲಿ ನೀವು ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬಂದಿರಿ. "ಇವ್ರು ಯಾರು?" ಎಂದು ಲೆಕ್ಕಿಗರು ಕೇಳಿದರು.

"ಕೂಲಿಗ್ ಬಂದೋಳು ರೀ."

ಹಿರಿಯರಿಬ್ಬರೂ ಟೀ ಲೋಟದೊಳಗೆ ಕಣ್ಣು ನೆಟ್ಟರು; ಆಮೇಲೆ ಸಹಿ ಹಾಕಿದರು. ನೀವು ಹೊರೆ ಇಳಿಸಿ ಹಿತ್ತಲಿಗೆ ಹೋದಿರಿ. ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ — ಹಾಗೆಂದುಕೊಂಡರೆ ನಿದ್ದೆ ಬರುತ್ತಿತ್ತು.

ಆಮೇಲೂ ಮೆಕ್ಕೆಜೋಳ ಬಿತ್ತಿದವರು, ಕಳೆ ತೆಗೆದವರು ನೀವೇ. ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದು, ಬಸುರಿಗೆ ಬಡಿಸುವ ಹಾಗೆ ಆ ಹೊಲಕ್ಕೆ ಎಡೆ ಇಟ್ಟವರೂ ನೀವೇ. ಪಹಣಿಯಲ್ಲಿ ಮಾತ್ರ —

ಈ ವರ್ಷ ನಿಮ್ಮ ತಮ್ಮನೂ ಹೋದರು. ನಾಳೆ ಮತ್ತೆ ವಂಶವೃಕ್ಷ ಬರೆಯಲು ಬರುತ್ತಾರೆ. ಹಳೆಯ ಕಾಗದ ತೆಗೆದು ಓದಿದ ನನ್ನ ಮಗಳು ರೂಪಾ, "ಅಮ್ಮಾ, ಅತ್ತೇದು ಹೆಸ್ರೇ ಇಲ್ವಲ್ಲ?" ಎಂದಳು. ಸುಳ್ಳು ಬರೆಸಿದೆನೆಂದು ಕೇಸು ಹಾಕಿದರೆ? ರೂಪಾ ನನ್ನ ಮುಖ ನೋಡದಿದ್ದರೆ? ನಾಳೆ ಮಗನೇ ನನ್ನ ಹೆಸರು ಬಿಟ್ಟರೆ ಯಾವ ಬಾಯಿಂದ ಕೇಳಲಿ? ಇದಕ್ಕೆಲ್ಲ ಹೆದರುತ್ತೇನೆ. ಆದರೆ ಎಲ್ಲಕ್ಕಿಂತ ಹೆಚ್ಚು ಹೆದರುವುದು ನಿಮ್ಮ ಲೋಟಕ್ಕೆ.

ಜಗಲಿಯ ಗೂಡಿನಲ್ಲಿ ಕೂಲಿಯವರಿಗೆಂದೇ ಇಟ್ಟ ಸ್ಟೀಲ್ ಲೋಟಗಳಿವೆಯಲ್ಲ. ಆ ದಿನದಿಂದ ನೀವು ಟೀ ಕುಡಿಯುವುದು ಅವುಗಳಲ್ಲೊಂದರಲ್ಲೇ. ಕುಡಿದು, ತೊಳೆದು, ಅಲ್ಲೇ ಬೋರಲು ಹಾಕುತ್ತೀರಿ. ಒಂಬತ್ತು ವರ್ಷ ನಾನೇ ಅದಕ್ಕೆ ಟೀ ಬಗ್ಗಿಸಿದ್ದೇನೆ, ಯಾಕೆಂದು ಕೇಳದೆ.

ನಾಳೆ ಮಾವನ ಹೆಸರಿನ ಕೆಳಗೆ ಮೊದಲು ನಿಮ್ಮ ಹೆಸರು ಬರೆಸುತ್ತೇನೆ. ಅದಕ್ಕೂ ಮುಂಚೆ ಇದನ್ನು ನಿಮ್ಮೆದುರು ನಿಂತು ಓದಬೇಕು. ಹಿತ್ತಲಲ್ಲಿ ನೀವು ಲೋಟ ತೊಳೆಯುವ ಸದ್ದು ಕೇಳುತ್ತಿದೆ. ಈ ಕಾಗದ ಹಿಡಿದು ಬರುತ್ತಿದ್ದೇನೆ.