ತವರಿಗೆ ಹೋಗಲು ತಂದ ಎಂಜಿನ್

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಆ ದಿನ ಗಾಳಿ ಎಷ್ಟಿತ್ತು, ಅವ್ವ ಯಾವ ಸೀರೆ ಉಟ್ಟಿದ್ದಳು ಎಂಬುದು ನನಗೆ ಖಾತ್ರಿಯಿಲ್ಲ. ಸಂಕ್ರಾಂತಿ ಮುಗಿದ ಮೇಲಿನ ವಾರ ಎಂದು ನಾನು ಅಂದುಕೊಂಡಿದ್ದೇನೆ. ಅದಕ್ಕೂ ಮೊದಲೇ ಎಂದು ಅವ್ವ ಹೇಳುತ್ತಾಳೆ. ಇಬ್ಬರೂ ಒಂದೇ ಬೋಟಿನಲ್ಲಿ ಕೂತಿದ್ದೆವು, ಅಷ್ಟು ಮಾತ್ರ ಇಬ್ಬರಿಗೂ ಒಪ್ಪಿಗೆ.

ಅವ್ವನ ತವರು ಬೀಳಗಿ ಕಡೆ, ಕೃಷ್ಣೆಯ ದಂಡೆಯ ಒಂದು ಊರು. ಅಣೆಕಟ್ಟಿನ ಹಿನ್ನೀರು ಬಂದು ಅದು ಮುಳುಗಿತು. ತವರಿನವರು ಮನೆ ಖಾಲಿ ಮಾಡುವಾಗ ಅವ್ವ ಜಮಖಂಡಿಯಲ್ಲಿ ಹಾಸಿಗೆ ಹಿಡಿದ ತನ್ನ ಅತ್ತೆಯನ್ನು ನೋಡಿಕೊಳ್ಳುತ್ತಿದ್ದಳು. ಹೋಗಲಾಗಲಿಲ್ಲ. ನಮ್ಮ ಕಡೆ ಮಗಳು ತವರಿನಿಂದ ಹೊರಡುವಾಗ ಉಡಿ ತುಂಬದೆ ಕಳಿಸುವುದಿಲ್ಲ. ಸೆರಗಿನೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಮೇಲೊಂದು ರವಿಕೆಯ ಖಣ. ಆ ಮನೆ ಮಾತ್ರ ಅವ್ವನಿಗೆ ಕಡೆಯ ಉಡಿ ತುಂಬದೆಯೇ ನೀರಿಗೆ ಹೋಯಿತು. ಅವಳ ತಮ್ಮ, ನನ್ನ ಮಾಮಾ, ಬನಹಟ್ಟಿಗೆ ಬಂದು ಪವರ್‌ಲೂಮ್ ಹಾಕಿದ. ಅಲ್ಲಿ ಮಾಮಾನ ಹೆಂಡತಿ, ನಮ್ಮ ಅತ್ತಿ, ಉಡಿ ತುಂಬಿದಾಗಲೆಲ್ಲ ಅವ್ವ ಅನ್ನುತ್ತಿದ್ದಳು, "ಇದು ನಿಮ್ಮ ಬನಹಟ್ಟಿ ಉಡಿ. ನಮ್ಮ ಮನೀದು ಬಾಕಿ ಐತಿ."

ನಗುತ್ತಲೇ ಅನ್ನುತ್ತಿದ್ದಳು. ಮಾಮಾ ನಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಮಾಮಾ ಕರಾವಳಿಯಿಂದ ಹಳೆಯ ಫೈಬರ್ ಸ್ಪೋರ್ಟ್ ಬೋಟೊಂದನ್ನು ಟ್ರೇಲರಿನ ಮೇಲೆ ಹಾಕಿಕೊಂಡು ಬಂದ. ಪ್ರವಾಸಿಗರನ್ನು ಕೂರಿಸಿಕೊಂಡು ಓಡುತ್ತಿದ್ದ ಬೋಟು. ಎಂಜಿನ್ ಇರಲಿಲ್ಲ. ಮಗ್ಗದ ಶೆಡ್ಡಿನಲ್ಲಿ ಅದನ್ನಿಟ್ಟು ನನಗೆ ಫೋನ್ ಮಾಡಿದ. "ಓದಿದಾಕಿ ಅದಿ, ಒಂದ ಎಂಜಿನ್ ಆರಿಸಿ ಕೊಡು."

ನನಗೆ ಬೋಟೂ ಗೊತ್ತಿರಲಿಲ್ಲ, ಎಂಜಿನ್ನೂ ಗೊತ್ತಿರಲಿಲ್ಲ. ಇಂಗ್ಲಿಷ್ ಕೈಪಿಡಿಗಳನ್ನು ಓದಿ ಹೇಳುವುದಷ್ಟೇ ನನ್ನ ಕೆಲಸವಾಯಿತು. ಹಿನ್ನೀರಿನ ಮೇಲೆ ಬಿಸಿಲೇರಿದ ಮೇಲೆ ಗಾಳಿ ಎದ್ದು ಅಲೆ ಬರುತ್ತದೆ. ಅದಕ್ಕೆ ಮೊದಲೇ ಮುಳುಗಿದ ಮನೆಯ ಜಾಗಕ್ಕೆ ಹೋಗಿ, ಅವ್ವನ ಉಡಿ ತುಂಬಿ ಮರಳಬೇಕು. ಹಾಗಾಗಿ ವೇಗ ಬೇಕು. ಭಾರ ಹೊತ್ತರೂ ಬೋಟು ನೀರನ್ನು ಸೀಳದೆ ನೀರಿನ ಮೇಲೆದ್ದು ಓಡಬೇಕು.

"ಇಪ್ಪತ್ತೈದು ಹಾರ್ಸ್‌ಪವರ್ ಸಾಕಂತಾನ ಮೆಕ್ಯಾನಿಕ್," ಎಂದ ಮಾಮಾ. "ನಿಮ್ಮ ಅತ್ತಿನ್ನ ನೋಡಿಲ್ಲಲ್ಲ ಅಂವ."

"ಮೊದಲ ನಿಮ್ಮ ಹೊಟ್ಟಿ ತೂಗಸ್ರಿ," ಎಂದಳು ಅತ್ತಿ, ಒಳಗಿನಿಂದ.

ಕಡೆಗೆ ನಲವತ್ತು ಎಂದಾಯಿತು. ವೇಗ ಸ್ವಲ್ಪ ತಗ್ಗಿದರೂ ನಾಲ್ಕು ಜನರನ್ನು ಬೇಗ ಮೇಲೆತ್ತುವಂಥ ಪ್ರೊಪೆಲ್ಲರ್ ಹಾಕಿಸಿದ. ಟೂ ಸ್ಟ್ರೋಕ್ ಹಗುರ, ತಟ್ಟನೆ ಎಳೆಯುತ್ತದೆ, ಬೋಟಿನ ಹಿಂಭಾಗಕ್ಕೆ ಅದೇ ಹೊಂದುತ್ತದೆ ಎಂದು ನಾನು ಓದಿ ಹೇಳಿದೆ. ಮಾಮಾ ಭಾರವಾದ ಫೋರ್ ಸ್ಟ್ರೋಕೇ ಇರಲಿ ಎಂದ. ಕಾರಣ ಕೇಳಿದೆ.

"ಅದು ಸಪ್ಪಳ ಕಮ್ಮಿ ಮಾಡತೈತಿ. ಜಲಮೆಲ್ಲಾ ಮಗ್ಗದ ಸಪ್ಪಳದಾಗ ತುಟಿ ನೋಡಿ ಮಾತಾಡೀವಿ. ಅಲ್ಲಿ ಹೋದಾಗ ಅಕ್ಕ ಏನರ ಅಂದ್ರ ನನಗ ಕೇಳಸಬೇಕು."

ಆ ಮಾತು ಅವನು ಹಾಗೆಯೇ ಹೇಳಿದನೋ, ನಾನು ಆಮೇಲೆ ನೇರ್ಪು ಮಾಡಿಕೊಂಡೆನೋ ಗೊತ್ತಿಲ್ಲ. ಎಂಜಿನ್ ಮಾತ್ರ ಫೋರ್ ಸ್ಟ್ರೋಕೇ ಬಂತು.

ರಬಕವಿ ಹತ್ತಿರ ಹೊಳೆಯಲ್ಲಿ ಓಡಿಸಿ ಕಲಿತ. ಪ್ರತಿ ಸಲ ಮರಳಿ ಬಂದಮೇಲೆ ಎಂಜಿನ್ನಿನ ಹೊಟ್ಟೆ ತೊಳೆಯುತ್ತಿದ್ದ. ಸಿಹಿನೀರಿಗೆ ಅದೆಲ್ಲ ಬೇಡ ಎಂದವರಿಗೆ ಹೊಳೆಯ ರಾಡಿಯನ್ನು ಬೆರಳಲ್ಲಿ ತಿಕ್ಕಿ ತೋರಿಸುತ್ತಿದ್ದ. ಈ ಸಣ್ಣ ಉಸುಕು, ಎಂಜಿನ್ ತಂಪಾಗಲು ಹೊಳೆಯ ನೀರು ಹೀರುವ ಪಂಪಿನ ರಬ್ಬರ್ ಚಕ್ರವನ್ನು ತಿನ್ನುತ್ತದೆ. ತೊಳೆಯಲು ಸಿಕ್ಕದ್ದು ನೂಲಿಗೆ ಬಣ್ಣ ಹಾಕುವ ಹಳೆಯ ತೊಟ್ಟಿ. ಮೊದಲ ಸಲ ಎಂಜಿನ್ನಿನ ಪಕ್ಕದ ತೂತಿನಿಂದ ಗುಲಾಬಿ ನೀರು ಚಿಮ್ಮಿತು. "ಕುಂಕುಮದ ನೀರ ಬಿಡಾಕತ್ತೈತಿ, ಆರತಿ ಎತ್ತೂನೇನ್ರಿ?" ಎಂದು ಅತ್ತಿ ಕೇಳಿದ್ದು ಚೆನ್ನಾಗಿ ನೆನಪಿದೆ.

ತವರಿಗೆ ಹೊರಟ ದಿನ ಮಾಮಾ, ಅತ್ತಿ ಇಬ್ಬರೂ ನಸುಕಿನಲ್ಲಿ ಜಮಖಂಡಿಗೆ ಬಂದು ನಮ್ಮನ್ನು ಹತ್ತಿಸಿಕೊಂಡರು. ಹಿಂದೆ ಬೋಟು. ದಾರಿಯುದ್ದ ಕಬ್ಬಿನ ಟ್ರ್ಯಾಕ್ಟರುಗಳು. ಅತ್ತಿಯ ತೊಡೆಯ ಮೇಲೆ ಉಡಿಯ ಸಾಮಾನಿನ ಬುಟ್ಟಿ. ಹಿನ್ನೀರಿನ ದಂಡೆಯಲ್ಲಿ ಲೈಫ್ ಜಾಕೆಟ್ ಹಾಕಿದಾಗ ಅವ್ವ ಸೆರಗನ್ನು ಅದರ ಮೇಲಿನಿಂದ ಎಳೆದುಕೊಂಡಳು. ಉಡಿಗೆ ಸೆರಗು ಬೇಕಲ್ಲ.

ಮಾಮಾ ಎಂಜಿನ್ ಹೊತ್ತಿಸಿ, ತೂತಿನಿಂದ ನೀರು ಬರುವುದನ್ನು ನೋಡಿ ತಲೆಯಾಡಿಸಿದ. ಬೋಟಿನ ಮೂತಿ ಎದ್ದಿತು, ಆಮೇಲೆ ಸಮವಾಗಿ ಓಡಿತು. ಅವ್ವ ನನ್ನ ಮಣಿಕಟ್ಟು ಹಿಡಿದಿದ್ದಳು. ಎಲ್ಲಾ ಕಡೆ ನೀರು, ದೂರದಲ್ಲಿ ಗುಡ್ಡದ ಸಾಲು. ಗುರುತು ಹಿಡಿಯುವಂಥದು ನನಗೇನೂ ಕಾಣಲಿಲ್ಲ.

ಆಮೇಲೆ ಎಂಜಿನ್ ನಿಂತಿತು.

ಅದಕ್ಕೂ ಮೊದಲು ಕಾವು ಏರಿದ್ದಕ್ಕೆ ಅದು ಕೀಂ ಎಂದು ಕೂಗಿತು ಎಂದು ನನ್ನ ನೆನಪು. ಅವ್ವ ಯಾವ ಕೂಗೂ ಇರಲಿಲ್ಲ, ತಮ್ಮನೇ ಬಂದ್ ಮಾಡಿದ ಅನ್ನುತ್ತಾಳೆ. ಮಾಮಾ ಎದ್ದು ನಿಂತು ಗುಡ್ಡ ನೋಡಿದ, ನೀರು ನೋಡಿದ.

"ಇಲ್ಲೇ ಅಕ್ಕಾ. ಇದ ನಮ್ಮ ಮನಿ."

"ಖರೇನ?" ಅವ್ವನ ದನಿ ಸಣ್ಣದಾಯಿತು. "ಹೊಸ್ತಿಲ ಎಲ್ಲಿ ಬರತೈತೋ?"

ಮಾಮಾ ಬೋಟಿನ ಎಡಕ್ಕೆ ಕೈ ತೋರಿಸಿದ. "ಅಲ್ಲಿ. ನೀ ಕುಂತದ್ದು ಪಡಸಾಲಿ. ಅಪ್ಪನ ಕೈಮಗ್ಗದ ಕುಣಿ ನಿನ್ನ ಬೆನ್ನಿಂದ."

ಅವ್ವ ತಿರುಗಿ ಬೆನ್ನ ಹಿಂದಿನ ನೀರನ್ನು ನೋಡಿದಳು. ಆಮೇಲೆ ಎಡಕ್ಕೆ ಮುಖಮಾಡಿ ಸೆರಗು ಒಡ್ಡಿದಳು. ಅತ್ತಿ ಮೊಣಕಾಲೂರಿ ಕೂತು ಅಕ್ಕಿ ಹಾಕಿದಳು, ಕೊಬ್ಬರಿ ಇಟ್ಟಳು. ಖಣ ಮಾಮಾನ ಮಗ್ಗದ್ದಲ್ಲ, ಕೈಮಗ್ಗದ್ದೇ ಬೇಕೆಂದು ಹುಡುಕಿ ತಂದದ್ದು. ಅವ್ವ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಅತ್ತಿಗೆ, "ಇನ್ನೊಂದ ಹಿಡಿ ಹಾಕು ಬೇ, ತವರಮನೀದು," ಎಂದಳು. ಉಡಿಯಿಂದ ನಾಲ್ಕು ಕಾಳು ತೆಗೆದು ನೀರಿಗೆ ಬಿಟ್ಟಳು. "ಆತು," ಎಂದಳು.

ಆಮೇಲೆಯೇ ಮಾಮಾ ಎಂಜಿನ್ ಮೇಲೆತ್ತಿ ನೋಡಿದ್ದು. ನೀರು ಹೀರುವ ಜಾಳಿಗೆಯೊಳಗೆ ಬಿಳಿ ನೂಲಿನ ಉಂಡೆ ಸಿಕ್ಕಿಕೊಂಡಿತ್ತು. ಬನಹಟ್ಟಿಯಲ್ಲಿ ಯಾವ ತೂತು ಕಂಡರೂ ಮಗ್ಗದ ವೇಸ್ಟ್ ನೂಲು ತುರುಕುತ್ತಾರೆ. ಕಣಜದ ಹುಳ ಗೂಡು ಕಟ್ಟಬಾರದೆಂದು ಮಾಮಾ ಇಲ್ಲಿಗೂ ತುರುಕಿದ್ದ. ಹೊರಡುವಾಗ ತೆಗೆದಿದ್ದರೂ ಒಂದಷ್ಟು ಒಳಗೇ ಉಳಿದಿತ್ತು.

"ನೇಕಾರ ಬುದ್ಧಿ," ಎಂದು ಅತ್ತಿ ತುರುಬಿನ ಪಿನ್ ಕಿತ್ತು ಕೊಟ್ಟಳು. ಅದರಿಂದ ಎಳೆಎಳೆಯಾಗಿ ಬಿಡಿಸಿದ. ಎಂಜಿನ್ ತಣ್ಣಗಾದ ಮೇಲೆ ನಿಧಾನವಾಗಿ ದಂಡೆಗೆ ಬಂದೆವು. ಬಾಕಿಯ ಮಾತನ್ನು ಅವ್ವ ಆಮೇಲೆ ಒಂದು ಸಲವೂ ಆಡಿಲ್ಲ.

ಹೋದ ತಿಂಗಳು ಬನಹಟ್ಟಿಗೆ ಹೋದಾಗ ಮಾಮಾ ಎಂಜಿನ್ನಿನ ಗೇರ್ ಆಯಿಲ್ ಬದಲಿಸುತ್ತಿದ್ದ. ಹಳೆಯ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೋಗಿದೆ ಎಂದು ಅರ್ಥ. ಆಗಿರಲಿಲ್ಲ. ಅವ್ವ ಅತ್ತಿಯ ಜೊತೆ ಅಡುಗೆಮನೆಯಲ್ಲಿದ್ದಳು. ಅವಳಿಗೆ ಕೇಳಿಸದಂತೆ ಒಂದು ಪ್ರಶ್ನೆ ಕೇಳಿದೆ. ಮಾಮಾ ತಿರುಪು ಬಿಗಿ ಮಾಡಿದ, ಕೈ ಒರೆಸಿಕೊಂಡ, ಊಟ ಆತೇನು ಎಂದ. ಆಮೇಲೆ ಫೋನಿನಲ್ಲೂ ಕೇಳಿದೆ, ಮಾತು ಹೊರಳಿಸಿದ. ನಾನು ಕೇಳಿದ್ದು ಇಷ್ಟೇ.

"ಮಾಮಾ, ಮನಿ ಬಂತಂತ ಎಂಜಿನ್ ನಿಲ್ಲಿಸಿದ್ಯೋ, ಎಂಜಿನ್ ನಿಂತಿತಂತ ಅದ ಮನಿ ಅಂದ್ಯೋ?"