ಫ್ಲಾಪಿ ಬಂತು, ಷರಾ ಹೋಯಿತು

ನನ್ನ ಅಕ್ಕನ ಮೊಮ್ಮಗ ಗುಜರಿಯಿಂದ ಹಳೆಯ ಕಂಪ್ಯೂಟರುಗಳನ್ನು ತಂದು ರಿಪೇರಿ ಮಾಡುತ್ತಾನೆ. ಅವುಗಳಿಗೆ ಉಗುರಿನಗಲದ ಕಾರ್ಡು ಸಿಕ್ಕಿಸುತ್ತಾನೆ, ತಂತಿಯೇ ಇಲ್ಲದೆ ಫೋನಿನಿಂದ ಪ್ರೋಗ್ರಾಂ ಕಳಿಸುತ್ತಾನೆ. "ಎಷ್ಟು ಸುಲಭ ನೋಡಜ್ಜಿ" ಎನ್ನುತ್ತಾನೆ. "ಇದು ಒಳಗೆ ಎಷ್ಟು ಜಾಗ ತಿನ್ನುತ್ತೆ?" ಎಂದು ನಾನು ಕೇಳುತ್ತೇನೆ. ಅವನಿಗೆ ಆ ಪ್ರಶ್ನೆ ಅರ್ಥವಾಗುವುದಿಲ್ಲ. ಅದನ್ನು ಕೇಳಬೇಕೆಂದು ಕಲಿಯಲು ನನಗೆ ತೊಂಬತ್ತರ ದಶಕದ ಆರಂಭದ ಒಂದು ಇಡೀ ಟರ್ಮ್ ಖರ್ಚಾಯಿತು.

ಕುರ್ಲಾ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆಯಲ್ಲಿ ನಮ್ಮ ಕನ್ನಡ ಮಾಧ್ಯಮದ ಶಾಲೆ. ನಾನು ಅಲ್ಲಿ ಗಣಿತದ ಶಿಕ್ಷಕಿ. ಭಾಂಡುಪಿನಿಂದ ಆರು ಐವತ್ತರ ಲೋಕಲ್, ಏಳೂವರೆಗೆ ಪ್ರಯೋಗಶಾಲೆಯ ಬೀಗ ತೆಗೆಯಬೇಕು. ಒಂಬತ್ತಕ್ಕೆ ಪಕ್ಕದ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಶುರುವಾಗುತ್ತಿತ್ತು. ಅದು ಶುರುವಾದರೆ ಕರೆಂಟು ಕುಗ್ಗಿ ಕಂಪ್ಯೂಟರು ಎಲ್ಲವನ್ನೂ ಮರೆಯುತ್ತಿತ್ತು. ಹಾಗಾಗಿ ನನಗೆ ದಿನಕ್ಕೆ ಸಿಗುತ್ತಿದ್ದದ್ದು ಒಂದೂವರೆ ಗಂಟೆ.

ಆ ಕಂಪ್ಯೂಟರು ಎಂಬತ್ತರ ದಶಕದ ಮಧ್ಯದಲ್ಲಿ ಯಾವುದೋ ಯೋಜನೆಯಲ್ಲಿ ಶಾಲೆಗೆ ಬಂದದ್ದು. ಪರದೆಗೆ ಕಪ್ಪುಬಿಳುಪು ಟಿವಿ, ಸಂಗ್ರಹಕ್ಕೆ ಟೇಪ್ ರೆಕಾರ್ಡರು. ಬೇರೆಯವರು ಅದರ ಮೇಲೆ ಭೂಪಟಗಳನ್ನು ಒಣಗಿಸುತ್ತಿದ್ದ ಕಾಲದಲ್ಲಿ ನಾನು ಎರಡು ಬೇಸಗೆ ರಜೆ ಕುಳಿತು ಗ್ರಾಫ್ ಕಾಗದದ ಮೇಲೆ ಕನ್ನಡ ಅಕ್ಷರಗಳನ್ನು ಚುಕ್ಕಿ ಚುಕ್ಕಿಯಾಗಿ ಬರೆದು ಅದಕ್ಕೆ ಕಲಿಸಿದೆ. ಆಮೇಲೆ ಐದರಿಂದ ಒಂಬತ್ತನೇ ಇಯತ್ತೆಯವರೆಗಿನ ಅಂಕಪಟ್ಟಿಗಳು ಕನ್ನಡದಲ್ಲೇ ಮುದ್ರಣವಾದವು. ಕೊನೆಯಲ್ಲಿ ಪ್ರತಿ ಮಗುವಿಗೂ ಒಂದು ಸಾಲು ಷರಾ, ನಾನೇ ಬರೆದದ್ದು. 'ಭಾಗಾಕಾರ ಬರುತ್ತದೆ, ಬೆನ್ನು ನೆಟ್ಟಗೆ ಕೂರುವುದು ಬರುವುದಿಲ್ಲ.' ಇಂಥವು.

ಕಷ್ಟವೆಲ್ಲ ಕ್ಯಾಸೆಟ್ಟಿನದು. ಮೊದಲು ಅಕ್ಷರಗಳ ಕ್ಯಾಸೆಟ್, ಆಮೇಲೆ ಪ್ರೋಗ್ರಾಮಿನದು, ಕೊನೆಗೆ ಆಯಾ ತರಗತಿಯ ಅಂಕ ಮತ್ತು ಷರಾಗಳದು. ಟೇಪ್ ರೆಕಾರ್ಡರಿನ ಧ್ವನಿಯ ಗುಂಡಿ ಎಲ್ಲಿ ನಿಲ್ಲಬೇಕೋ ಅಲ್ಲಿ ಉಗುರುಬಣ್ಣದಿಂದ ಗೆರೆ ಎಳೆದಿದ್ದೆ. ಪ್ರತಿ ಸೋಮವಾರ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ಒಳಗೆ ಟೇಪ್ ತಾಗುವ ಭಾಗವನ್ನು ಒರೆಸುತ್ತಿದ್ದೆ. ಆದರೂ ಹೆಚ್ಚು ಓಡಿದ ಅಕ್ಷರಗಳ ಕ್ಯಾಸೆಟ್ ಹಿಗ್ಗಿಹೋಗಿತ್ತು. ಅದು ಕಿರ್ರೆಂದು ಆರು ನಿಮಿಷ ಕಿರುಚಿ, ಕೊನೆಯ ಕ್ಷಣದಲ್ಲಿ ತಪ್ಪಾಗಿದೆ, ಟೇಪ್ ಹಿಂದೆ ಸುತ್ತಿ ಎನ್ನುತ್ತಿತ್ತು. ಆಗ ಗೋಡೆಯಾಚೆ ಲೇತ್ ಶುರು.

ದೀಪಾವಳಿ ರಜೆ ಮುಗಿದ ಮೇಲೆ ಹೆಡ್‌ಮಾಸ್ತರರು ಕರೆಸಿದರು. ಉಡುಪಿ ಕಡೆಯವರು, ಕೆಟ್ಟ ಸುದ್ದಿಯನ್ನೂ ನಗುತ್ತಲೇ ಹೇಳುವವರು.

"ಟೀಚರ್, ಅಕ್ಟೋಬರಿನ ಅಂಕಪಟ್ಟಿ ಕಾರ್ಡು ಎರಡು ವಾರ ತಡ ಆಯಿತಲ್ಲ, ಕಮಿಟಿಯವರಿಗೆ ಸಿಟ್ಟು ಉಂಟು. ಏಪ್ರಿಲ್‌ನಲ್ಲಿ ಫಲಿತಾಂಶದ ದಿನ ಬೆಲ್ಲಿನ ಮೊದಲು ಕಾರ್ಡು ಮೇಜಿನ ಮೇಲೆ ಬಾರದಿದ್ದರೆ, ಮುಂದೆ ಹೊರಗಿನವರಿಂದ ಇಂಗ್ಲಿಷಿನಲ್ಲಿ ಮಾಡಿಸ್ತಾರಂತೆ."

"ಇಂಗ್ಲಿಷಿನದನ್ನು ಓದೋವ್ರು ಯಾರು?"

"ಅದು ಅವರಿಗೆ ಬೇಡ ಮಾರಾಯ್ರೆ. ನಿಮ್ಮ ಟೇಪ್ ರೆಕಾರ್ಡರ್ ನೋಡಿ ನಗಾಡ್ತಾರೆ. ಕ್ಯಾಬರೆಗೆ ಇಟ್ಟದ್ದಾ ಅಂತ ಒಬ್ಬರು ಕೇಳಿದ್ರು."

ಮಾರನೆಯ ಶನಿವಾರವೇ ಕಂಪ್ಯೂಟರನ್ನು ಹಾಸಿಗೆಯ ಚಾದರದಲ್ಲಿ ಸುತ್ತಿಕೊಂಡು ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೊರಟೆ. ಲೇಡೀಸ್ ಡಬ್ಬದಲ್ಲಿ ತೊಡೆಯ ಮೇಲಿದ್ದ ಗಂಟನ್ನು ನೋಡಿ ಎದುರಿನ ಹೆಂಗಸು, "ಪೇಟೀ ಆಹೇ ಕಾ, ತಾಯೀ? ಜರಾ ವಾಜವಾ ನಾ!" ಎಂದಳು. ಹಾರ್ಮೋನಿಯಂ ಎಂದುಕೊಂಡು ನುಡಿಸಿ ಎನ್ನುತ್ತಿದ್ದಳು. ಭಜನೆ ಶುರುವಾಗುವ ಮೊದಲೇ ದಾದರಿನಲ್ಲಿ ಇಳಿದೆ.

ಅಂಗಡಿಯವನು ಮುಚ್ಚಳ ತೆಗೆದು ನೋಡಿ ನಕ್ಕ. "ಆಂಟೀ, ಇಸ್ಕೋ ಅಭೀ ತಕ್ ಚಲಾತೇ ಹೋ? ಯೇ ತೋ ಮ್ಯೂಸಿಯಮ್ ಕಾ ಪೀಸ್ ಹೈ."

"ಚಲ್ತಾ ಹೈ, ಇಸ್ಲಿಯೇ ಚಲಾತೀ ಹೂಂ" ಎಂದೆ. ನಡೆಯುತ್ತದೆ, ಅದಕ್ಕೇ ನಡೆಸುತ್ತೇನೆ.

ಅವನು ಒಳಗೆ ಒಂದು ಚಿಪ್ ಕೂರಿಸಿ, ಹೊರಗೆ ಫ್ಲಾಪಿ ಡ್ರೈವ್ ಜೋಡಿಸಿ ಕೊಟ್ಟ. ಸೋಮವಾರ ಏಳೂವರೆಗೆ ಶಾಲೆಯಲ್ಲಿ ಕ್ಯಾಸೆಟ್ಟನ್ನು ನಾಲ್ಕನೇ ಪ್ರಯತ್ನದಲ್ಲಿ ಹೇಗೋ ಓದಿಸಿ ಅಕ್ಷರಗಳನ್ನು ಫ್ಲಾಪಿಗೆ ಇಳಿಸಿದೆ, ಹಿಂದೆಯೇ ಪ್ರೋಗ್ರಾಮನ್ನೂ ಅಂಕಗಳನ್ನೂ. ಮತ್ತೆ ತೆರೆದಾಗ ಅವು ಆರು ಸೆಕೆಂಡಿನಲ್ಲಿ ಬಂದವು. ನಾನು ಕುಳಿತಲ್ಲಿಂದ ಎದ್ದು ನಿಂತೆ. ಪ್ರೋಗ್ರಾಂ ಕರೆದೆ, ಅದೂ ಬಂತು. ಐದನೇ ತರಗತಿಯ ಅಂಕಗಳನ್ನು ಕರೆದೆ. ಪರದೆಯ ಮೇಲೆ ಎರಡು ಇಂಗ್ಲಿಷ್ ಪದ ಬಂದವು: ನೋ ರೂಮ್.

ಯಂತ್ರ ಆರಿಸಿ ಮತ್ತೆ ಹಾಕಿ ನೋಡಿದೆ, ಬೇರೆ ತರಗತಿ ಹಾಕಿ ನೋಡಿದೆ. ನೋ ರೂಮ್. ನಿನ್ನೆಯವರೆಗೆ ಹಿಡಿಸುತ್ತಿದ್ದ ಸಾಮಾನು ಇವತ್ತು ಹಿಡಿಸುತ್ತಿಲ್ಲ. ಮನೆಯಲ್ಲಿ ಹೇಳಿದಾಗ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಮುಂಬಯಿಗೆ ಬಂದು ಇಷ್ಟು ವರ್ಷ ಆಯ್ತಲ್ಲ, ಅದಕ್ಕೂ ಗೊತ್ತಾಗಿದೆ ಬಿಡೇ" ಎಂದರು. ಅವರು ಫೋರ್ಟಿನ ಬ್ಯಾಂಕಿನಲ್ಲಿದ್ದರು. ಅವರ ಬ್ಯಾಂಕಿನ ಕೆಲಸಕ್ಕೆ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ.

ಮುಂದಿನ ಶನಿವಾರ ಮತ್ತೆ ಅಂಗಡಿ. ಅವನಿಗೆ ಆಶ್ಚರ್ಯವೇ ಇಲ್ಲ. ಡ್ರೈವು ನಡೆಯಬೇಕಾದರೆ, ಬಾಡಿಗೆದಾರ ಬಂದರೆ ಕೋಣೆ ಹಿಡಿಯುವ ಹಾಗೆ, ಕಂಪ್ಯೂಟರಿನ ನೆನಪಿನಲ್ಲಿ ಅದಕ್ಕೊಂದು ಮೂಲೆ ಬೇಕಂತೆ. "ಕಿರಾಯೇದಾರ್ ಆಯಾ ಹೈ, ಕಮರಾ ತೋ ಲೇಗಾ ನಾ?"

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಹಿಂದಿಯಲ್ಲಿ ಗದರಿದೆ.

"ಆಪ್ನೇ ಪೂಛಾ ನಹೀಂ."

ತರಗತಿಯಲ್ಲಾಗಿದ್ದರೆ, ನೀವು ಕೇಳಲೇ ಇಲ್ಲ ಎಂಬ ಈ ಉತ್ತರಕ್ಕೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಒಂದು ಖೋಲಿಯ ಮನೆಗೆ ದೊಡ್ಡ ಬೀರು ತಂದು, ಸಾಮಾನೆಲ್ಲ ಅದರಲ್ಲಿ ಜೋಡಿಸಿದ ಮೇಲೆ ಮಲಗಲು ನೆಲವಿಲ್ಲ ಎಂದು ಕಂಡುಕೊಂಡ ಸ್ಥಿತಿ ನನ್ನದು. ಡಿಸೆಂಬರ್ ಪೂರ್ತಿ ಜಾಗ ಹುಡುಕಿದೆ. ಪ್ರೋಗ್ರಾಮಿನ ಪ್ರತಿ ಸಾಲಿನ ಪಕ್ಕ ಇದು ಯಾತಕ್ಕೆ ಎಂದು ಟಿಪ್ಪಣಿ ಬರೆದಿಡುವುದು ನನ್ನ ಶಿಸ್ತು. ಆ ಟಿಪ್ಪಣಿಗಳನ್ನೆಲ್ಲ ಅಳಿಸಿದೆ. ಶಾಲೆಯ ಹೆಸರಿನ ಸುತ್ತಲಿದ್ದ ಬಳ್ಳಿಯ ಅಂಚನ್ನು ತೆಗೆದೆ. ಇನ್ನೂ ಸಾಲದು. ಉಳಿದದ್ದು ಮೂರೇ: ಅಕ್ಷರಗಳು, ಅಂಕಗಳು, ಷರಾ. ಮೊದಲೆರಡನ್ನು ಬಿಡುವಂತಿಲ್ಲ. ಷರಾ ತೆಗೆದೆ. ತಕ್ಷಣ ಎಲ್ಲ ಹಿಡಿಸಿತು. ಜನವರಿಯ ಪರೀಕ್ಷೆಯ ಕಾರ್ಡುಗಳು ಎರಡೇ ಬೆಳಗಿನಲ್ಲಿ ಮುಗಿದವು. ಹೆಡ್‌ಮಾಸ್ತರರು, "ಭಾರೀ ಲಾಯಕ್ ಆಯಿತು" ಎಂದರು. ನಾನೂ ಹಾಗೆಂದೇ ತಿಳಿದೆ.

ಪಾಲಕರ ದಿನ ಆರನೇ ತರಗತಿಯ ಒಬ್ಬ ಹುಡುಗಿಯ ತಾಯಿ ಬಂದಳು. ವಿಜಾಪುರದ ಕಡೆಯವಳು, ಸ್ಟೇಷನ್ನಿನ ಹೊರಗೆ ಸೊಪ್ಪು ಮಾರುವವಳು. ಸಂಜೆಯ ಸಾಕ್ಷರತಾ ತರಗತಿಯಲ್ಲಿ ಎರಡು ವರ್ಷ ಅಕ್ಷರ ಕೂಡಿಸಲು ಕಲಿತಿದ್ದಳು. ಕಾರ್ಡನ್ನು ತಿರುಗಿಸಿ ಹಿಂಬದಿ ನೋಡಿದಳು.

"ಅಕ್ಕೋರ, ನೀವು ಬರದಿದ್ದು ಎಲ್ಲೈತ್ರಿ?"

"ಎಲ್ಲ ವಿಷಯದ ಅಂಕಗಳೂ ಇದಾವಲ್ಲ."

"ಅಂಕಿ ಅದಾವ್ರಿ, ಕಣ್ಣಿಗೆ ಕಾಣತಾವ. ಐವತ್ತೆರಡು ಅಂದ್ರ ಛಲೋನೋ, ಕೆಟ್ಟೋ? ಯಾರರ ಹೇಳಬೇಕಲ್ರಿ. ನೀವು ಬರದಿದ್ದ ಆದ್ರ ನಾನ ಓದ್ತಿದ್ನಿ. ನಳದ ಮುಂದ ನಿಂತು ನಾಕು ಮಂದಿಗೆ ಕೇಳೋಹಂಗ ಓದ್ತಿದ್ನಿ."

"ಈ ಸಲ ಜಾಗ ಸಾಲಲಿಲ್ಲ" ಎಂದೆ.

ಅವಳು ಕಾರ್ಡಿನ ಕೆಳಗಿನ ಅರ್ಧ ಖಾಲಿ ಹಾಳೆಯ ಮೇಲೆ ಅಂಗೈ ಇಟ್ಟಳು. "ಇಷ್ಟ ಐತಲ್ರಿ?"

ಕಂಪ್ಯೂಟರಿನ ನೆನಪು ಬೇರೆ, ಕಾಗದ ಬೇರೆ ಎಂದು ಅವಳಿಗೆ ವಿವರಿಸಲು ಹೋಗಿ ಅರ್ಧದಲ್ಲಿ ನಿಲ್ಲಿಸಿದೆ. ಯಾರೂ ಓದದ ಇಂಗ್ಲಿಷ್ ಕಾರ್ಡು ಬೇಡವೆಂದು ಹಟ ಹಿಡಿದವಳು ನಾನೇ. ಅವಳು ಓದುತ್ತಿದ್ದ ಒಂದೇ ಸಾಲನ್ನು ತೆಗೆದುಹಾಕಿದವಳೂ ನಾನೇ. ಆ ದಿನ ಇನ್ನೂ ಒಂಬತ್ತು ತಾಯಂದಿರು ಅದನ್ನೇ ಕೇಳಿದರು.

ಮೂರನೇ ಸಲ ಅಂಗಡಿಗೆ ಹೋದೆ, ಈ ಬಾರಿ ಪ್ರಶ್ನೆಗಳನ್ನು ಬರೆದುಕೊಂಡು. ನಾಲ್ಕನೆಯದು: ಅಕ್ಷರ, ಪ್ರೋಗ್ರಾಂ ಒಳಗೆ ಬಂದ ಮೇಲೆ ಡ್ರೈವಿಗೆ ಆ ಮೂಲೆ ಬೇಕೇ? ಅವನು ಬಾಯಲ್ಲಿದ್ದ ಪಾನು ಒಂದು ಕಡೆಗೆ ಸರಿಸಿದ.

"ನಹೀಂ. ಸಾಮಾನ್ ಉತರ್ ಗಯಾ ತೋ ಹಮಾಲ್ ಕೋ ಭಗಾ ದೋ."

ಸಾಮಾನು ಇಳಿಸಿದ ಕೂಲಿಯನ್ನು ಮನೆಯಲ್ಲಿ ಕೂರಿಸಿಕೊಳ್ಳುವುದೇಕೆ? ಎರಡು ಆಜ್ಞೆಗಳಲ್ಲಿ ಡ್ರೈವನ್ನು ಹೊರಗೆ ಕಳಿಸಿ, ಪ್ರೋಗ್ರಾಮನ್ನು ಆ ಜಾಗಕ್ಕೆ ಸರಿಸಬಹುದಿತ್ತು. ನವೆಂಬರಿನಲ್ಲಿ ಏಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಉತ್ತರ ಗೊತ್ತಿತ್ತು.

ಆದರೆ ಡ್ರೈವು ಹೊರಗೆ ಹೋದ ಮೇಲೆ ಫ್ಲಾಪಿಯಿಂದ ಏನೂ ಬರುವುದಿಲ್ಲ. ಅಂಕಗಳೂ ಷರಾಗಳೂ ಮತ್ತೆ ಕ್ಯಾಸೆಟ್ಟಿನಿಂದಲೇ ಬರಬೇಕು. ಹೊಸದನ್ನು ತಂದು, ಹಳೆಯದನ್ನೂ ಬಿಡಲಾಗದೆ, ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡೆ. ಉಗುರುಬಣ್ಣದ ಗೆರೆಯನ್ನು ಮತ್ತೊಮ್ಮೆ ಎಳೆದೆ. ಐದು ಹೊಸ ಕ್ಯಾಸೆಟ್, ತರಗತಿಗೊಂದು.

ಏಪ್ರಿಲ್‌ನಲ್ಲಿ ನಾಲ್ಕು ತರಗತಿಗಳು ಸರಿಯಾಗಿ ಮುಗಿದವು. ಫಲಿತಾಂಶದ ಹಿಂದಿನ ಬೆಳಿಗ್ಗೆ, ಆರನೇ ತರಗತಿಯ ಕೊನೆಯ ಕಾರ್ಡುಗಳು ಮುದ್ರಣವಾಗುತ್ತಿದ್ದಾಗ ಎಂಟೂ ಮುಕ್ಕಾಲಿಗೇ ಲೇತ್ ಶುರುವಾಯಿತು. ಪರದೆ ಬಿಳಿಯಾಯಿತು. ಹದಿನಾಲ್ಕು ಕಾರ್ಡು ಬಾಕಿ. ನಾನು ವರ್ಕ್‌ಶಾಪಿಗೆ ಹೋಗಿ ಗಡಿಯಾರ ತೋರಿಸಿ ಕೂಗಾಡಿದೆ. "ಬಾಯೀ, ಆಜ್ ಅರ್ಜೆಂಟ್ ಹೈ" ಎಂದು ಲೇತಿನವನು ಕಬ್ಬಿಣದ ಕಡೆ ತಿರುಗಿದ. ವಾಪಸು ಬಂದು ಹದಿನಾಲ್ಕು ಕಾರ್ಡುಗಳನ್ನು ಪೆನ್ನಿನಲ್ಲಿ ಬರೆದೆ, ಷರಾ ಸಮೇತ. ಮಾರನೆಯ ದಿನ ಬೆಲ್ಲಿನ ಮೊದಲು ಎಲ್ಲವೂ ಮೇಜಿನ ಮೇಲಿದ್ದವು. ಕಮಿಟಿಯ ಹಿರಿಯರೊಬ್ಬರು ಎರಡು ಕಾರ್ಡು ಎತ್ತಿ ನೋಡಿ, "ಇನ್ನೊಂದು ವರ್ಷ ನಡೀಲಿ" ಎಂದರು. ಅಷ್ಟೇ. ಟೇಪ್ ರೆಕಾರ್ಡರನ್ನು ನೋಡಿ ನಕ್ಕರು ಕೂಡ.

ಸೊಪ್ಪಿನವಳು ಬಂದಳು. ಅವಳ ಮಗಳದ್ದು ಕೈಬರಹದ ಹದಿನಾಲ್ಕರಲ್ಲಿ ಒಂದು. ಬಾಗಿಲ ಬಳಿ ಬೆಳಕಿಗೆ ಹಿಡಿದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಲೆಕ್ಕ ಸರಿ. ಆದರೆ ಆತುರ ಬಹಳ." ಮಗಳ ತಲೆಗೆ ಮೆಲ್ಲಗೆ ಒಂದು ಮೊಟಕಿದಳು. ಮತ್ತೆ ನನ್ನ ಕಡೆ ತಿರುಗಿದಳು.

"ಅಕ್ಕೋರ, ಬಿಟ್ಟೂಬಿಡದ ಕೇಳತೀನಿ ಅಂತ ಸಿಟ್ಟಾಗಬ್ಯಾಡ್ರಿ. ಮಿಷನ್ನಿನ ಅಕ್ಷರ ಗುಂಡಗ ಇರತಿದ್ವು, ಓದಾಕ ಸುಲಭ ಇತ್ತು. ಈ ಸಲ ನೀವು ಗಡಬಡಿಯೊಳಗ ಬರದೀರಿ ಕಾಣತೈತಿ."

ಕಾರ್ಡನ್ನು ಅವಳ ಕೈಯಿಂದ ತೆಗೆದುಕೊಂಡು, ಹೊಸ ಹಾಳೆಯಲ್ಲಿ ಆ ಸಾಲನ್ನು ದುಂಡಗೆ ಮತ್ತೆ ಬರೆದುಕೊಟ್ಟೆ.